ಮುಚ್ಚದೆ ಬಿಟ್ಟ ಕಡತ

ಎದೆಯೊಳಗೆ ಕೂರಿಸಿದ ಯಂತ್ರ ಚಿತೆಯ ಮೇಲೆ ಸಿಡಿಯುತ್ತದೆ ಎಂಬುದು ಗದಗ ಸೀಮೆಯವರಿಗೆ ಗೊತ್ತಾಗಿದ್ದು ಒಬ್ಬ ಕಾಳಿನ ವ್ಯಾಪಾರಿಯ ಅಂತ್ಯಕ್ರಿಯೆಯಲ್ಲಿ. ಕೊಳ್ಳಿ ಇಟ್ಟ ಅರ್ಧ ಗಂಟೆಗೆ ಢಮ್ಮೆಂದು ಸದ್ದಾಯಿತು, ಹೆಣ ಹೊತ್ತು ತಂದವರೆಲ್ಲ ಚಪ್ಪಲಿ ಬಿಟ್ಟು ಓಡಿದರು. ಆಮೇಲೆ ಮಿಡಿಗ ಎಂಬ ಆ ಯಂತ್ರ ಮಾಡುವ ಕಂಪನಿಯವರು ಒಂದು ಉಪಾಯ ಹುಡುಕಿದರು. ಮನುಷ್ಯ ಸತ್ತ ಮೇಲೆ ಮಿಡಿಗ ತನ್ನ ಬ್ಯಾಟರಿಯನ್ನು ತಾನೇ ಆರು ತಾಸಿನಲ್ಲಿ ಬರಿದು ಮಾಡಿಕೊಳ್ಳಬೇಕು. ಬರಿದಾಗುತ್ತಿದೆ ಎಂದು ಮನೆಯವರಿಗೆ ತಿಳಿಯಲು ಅರ್ಧ ತಾಸಿಗೊಮ್ಮೆ ಪೀಪಿಯಂಥ ಸಣ್ಣ, ಉದ್ದನೆಯ ಸದ್ದು ಮಾಡಬೇಕು. ಸುಡುವವರಿಗೂ ಹೂಳುವವರಿಗೂ ಒಂದೇ ನಿಯಮ. ಆ ಸದ್ದಿಗೆ ಜನ ‘ಕೊನೆಯ ಊದು’ ಎಂದು ಹೆಸರಿಟ್ಟರು. ಯಾವ ಮನೆಯಿಂದ ಅದು ಕೇಳಿಸಿದರೂ ದಾರಿಹೋಕರು ನಿಂತು ಕೈಮುಗಿದೇ ಮುಂದೆ ಹೋಗುತ್ತಿದ್ದರು.

ಮನುಷ್ಯ ಸತ್ತಿದ್ದಾನೆಂದು ಮಿಡಿಗಕ್ಕೆ ಗೊತ್ತಾಗುವುದು ಹೇಗೆ? ಕಡತದಲ್ಲಿ ಅವನ ಸಾಲು ಇಲ್ಲದಿದ್ದರೆ ಸತ್ತ ಹಾಗೆ. ಅಷ್ಟೇ.

ಆ ಕಡತವೋ, ಇಷ್ಟು ದೊಡ್ಡ ಏರ್ಪಾಡಿನ ಜುಟ್ಟು ಇಂಥ ಬಡ ಕಡತದ ಕೈಯಲ್ಲಿದೆ ಎಂದರೆ ಯಾರೂ ನಂಬಲಾರರು. ಒಬ್ಬರಿಗೆ ಒಂದು ಸಾಲು. ಸಂಖ್ಯೆ, ಹೆಸರು, ಊರು, ನಿಮಿಷಕ್ಕೆ ಎಷ್ಟು ಬಡಿತ. ನಡುವೆ ಒಂದೊಂದು ಅಲ್ಪವಿರಾಮ. ಕಂಪ್ಯೂಟರಿನವರು ಅದನ್ನು ಸಿಎಸ್‌ವಿ ಫೈಲು ಎನ್ನುತ್ತಾರೆ. ಗದಗದ ಮಿಡಿಗ ಕೇಂದ್ರದಲ್ಲಿ ಬೆಳಿಗ್ಗೆ ಹಳೆಯ ಕಡತವನ್ನು ಅಳಿಸಿ ಹೊಸದನ್ನು ಗೋಪುರಗಳ ಕಡೆಯ, ಎಂದೂ ಆರದ ಡಿಸ್ಕಿನ ಮೇಲೆ ಬರೆಯುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಜಿಲ್ಲೆಯ ಗೋಪುರಗಳು ಅದನ್ನು ಓದಿ, ತಾವಾಗಿ ಬಡಿಯುವುದನ್ನು ಮರೆತ ನಾಲ್ಕು ಸಾವಿರ ಎದೆಗಳಿಗೆ ಆ ದಿನದ ಬಡಿತ ಹೇಳುತ್ತಿದ್ದವು.

ಬರೆಯುವ ಪ್ರೋಗ್ರಾಮನ್ನೂ ಓದುವ ಪ್ರೋಗ್ರಾಮನ್ನೂ ಹನ್ನೊಂದು ವರ್ಷದ ಹಿಂದೆ ಬರೆದವಳು ನೀಲಗಂಗಾ ಅಬ್ಬಿಗೇರಿ. ಬರೆಯುವುದಕ್ಕೊಂದು ಕ್ಲಾಸು, ಎಂದರೆ ಪ್ರೋಗ್ರಾಮಿನ ಒಂದು ಭಾಗ, ಓದುವುದಕ್ಕೊಂದು ಕ್ಲಾಸು. ಓದುವ ಕ್ಲಾಸು ಒಂದೊಂದು ಸಾಲನ್ನೂ ಬಿಡಿಸಿ, ಹೆಸರು, ಊರು, ಬಡಿತ ಎಲ್ಲ ಇರುವ ಒಂದೊಂದು ವಸ್ತುವನ್ನಾಗಿ ಮಾಡುತ್ತಿತ್ತು. “ಒಂದು ಸಾಲು ಓದಿದ್ರ ಒಬ್ಬ ಮನಷ್ಯಾ ಹುಟ್ಟಿದ್ಹಂಗ ನೋಡ್ರಿ” ಎಂದು ಆಗ ಗಂಡನ ಮುಂದೆ ಜಂಬ ಕೊಚ್ಚಿಕೊಂಡಿದ್ದಳು. ಗಂಡ ಮಹಾಂತೇಶ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಯಂತ್ರ ನಡೆಸುವವನು. “ಹಂಗಾರ ನೀ ಬ್ರಹ್ಮನ ಹೆಂಡ್ತಿ ಅಲ್ಲ, ನೀನ ಬ್ರಹ್ಮ” ಎಂದು ಕಾಡಿಸಿದ್ದ. ಅವನ ಎದೆಗೇ ಮಿಡಿಗ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು? ಬಂದು ಇಪ್ಪತ್ತು ದಿನವಾಗಿತ್ತು. ಹೊಸದಾಗಿ ಸೇರಿದವರ ಸಾಲು ಕಡತದ ತುದಿಯಲ್ಲಿರುತ್ತಿತ್ತು. ಅವನದೂ ಅಲ್ಲೇ ಇತ್ತು.

ಆ ದಿನ ಖಂಡೆ ಪೂಜೆ. ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜಿಸಿ, ಮರುದಿನದವರೆಗೆ ಮುಟ್ಟದೆ ಬಿಡುವ ದಿನ. ಕೇಂದ್ರದಲ್ಲಿ ಪ್ರತಿ ವರ್ಷ ಕಂಪ್ಯೂಟರು ಓಡುತ್ತಿರುವಾಗಲೇ ಅದರ ಹಣೆಗೆ ಕುಂಕುಮವಿಟ್ಟು ಕೈಮುಗಿಯುತ್ತಿದ್ದರು. ಈ ಸಲ ಮೇಲ್ವಿಚಾರಕರಾಗಿ ಚನ್ನಬಸಪ್ಪ ಹಳ್ಳಿಕೇರಿ ಹೊಸದಾಗಿ ಬಂದಿದ್ದರು. ಮಡಿ, ಶಾಸ್ತ್ರ ಎಂದರೆ ಜೀವ ಬಿಡುವ ಮನುಷ್ಯ.

“ಓಡೋ ಬಂಡಿಗೆ ಯಾರಾರ ಪೂಜಿ ಮಾಡ್ತಾರೇನ್ರಿ ಅಕ್ಕಾರ? ಬಂದ್ ಮಾಡಿ ಮಾಡೂನು” ಎಂದರು.

ನೀಲಗಂಗಾ ಪರದೆ ನೋಡಿದಳು. ‘ಬರೆದಾಯಿತು: 4219’ ಎಂದಿತ್ತು. ಅಷ್ಟೂ ಜನರ ಸಾಲು ಮುಗಿದಿದೆ, ಇನ್ನೇನು ಕೆಲಸವಿದೆ ಎಂದುಕೊಂಡಳು. ಹಿರಿಯಳೆಂದು ಎಲ್ಲರೂ ಅವಳನ್ನೇ ಮುಂದೆ ಮಾಡಿದರು. ಹನ್ನೊಂದು ಗಂಟೆಗೆ ಅವಳೇ ಗುಂಡಿ ಒತ್ತಿ ಹಿಡಿದು ಯಂತ್ರ ಆರಿಸಿದಳು. ಹನ್ನೊಂದು ವರ್ಷದಲ್ಲಿ ಹಗಲು ಹೊತ್ತು ಆ ಯಂತ್ರ ಆರಿದ್ದು ಅದೇ ಮೊದಲು. ವಿಭೂತಿ ಬಳಿದು ಕುಂಕುಮವಿಟ್ಟರು, ಚೆಂಡುಹೂ ಏರಿಸಿದರು, ಬೂದುಗುಂಬಳ ಒಡೆದರು. ಬಾಗಿಲಿಗೆ ಬೀಗ ಹಾಕಿ, ಹೋಳಿಗೆ ಉಣ್ಣಲು ಎಲ್ಲರೂ ಮನೆ ಸೇರಿದರು.

ಮನೆಯಲ್ಲಿ ಮಹಾಂತೇಶ ತಾನೇ ಎಲೆ ಹಾಕಿ ಕಾದಿದ್ದ. ಮುದ್ರಣಾಲಯದ ಪೂಜೆ ಮುಗಿಸಿ ಬಂದಿದ್ದ, ಕಿವಿಯ ಮೇಲೆ ಇನ್ನೂ ಒಂದು ಹೂವಿತ್ತು. ಮಿಡಿಗ ಬರುವ ಮೊದಲು ನಾಲ್ಕು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿದ್ದ ಗಂಡ ಈಗ ಒಂದರ ಮೇಲೊಂದು ಹೋಳಿಗೆ ಹಾಕಿಸಿಕೊಳ್ಳುವುದನ್ನು ನೋಡಿ ಅವಳಿಗೆ ಕಣ್ಣು ತುಂಬಿತು.

“ಡಾಕ್ಟರ್ ಬಾಯಾರು ಎರಡ ಅಂದಾರ. ಇದು ನಾಕನೇದ್ದು.”

“ತುಪ್ಪ ಹಾಕು. ಎಣಿಸೋದು ನಿನ್ನ ಆಫೀಸಿನ್ಯಾಗ ಇಟ್ಕೋ.”

ಅವನು ಕಟ್ಟಿನ ಸಾರಿನ ಬಟ್ಟಲು ಎತ್ತಿದ. ಆಗ ಅವನ ಅಂಗಿಯೊಳಗಿಂದ ಸಣ್ಣ, ಉದ್ದನೆಯ ಸದ್ದು ಬಂತು.

ಅದು ಕೊನೆಯ ಊದು. ಗದಗದಲ್ಲಿ ಅದನ್ನು ಗುರುತಿಸದ ಕಿವಿಯಿಲ್ಲ. ನೀಲಗಂಗಾಳಿಗೆ ಮೊದಲು ಅದು ಪಕ್ಕದ ಮನೆಯದೆಂದೇ ಅನ್ನಿಸಿತು, ಅಯ್ಯೋ ಪಾಪ, ಹಬ್ಬದ ದಿನ ಯಾರು ಹೋದರೋ ಎಂದುಕೊಂಡಳು. ಮಹಾಂತೇಶ ಬಟ್ಟಲು ಕೆಳಗಿಟ್ಟು ಎದೆಯ ಮೇಲೆ ಅಂಗೈ ಒತ್ತಿದ. ಸದ್ದು ಅಂಗೈ ಅಡಿಯಲ್ಲಿ ಮಂದವಾಯಿತು, ನಿಲ್ಲಲಿಲ್ಲ.

“ನೀಲಾ, ನಾ ಜೀವಂತ ಅದೀನಿ ಅಲ್ಲ?” ಎಂದು ಕೇಳಿದ. ನಗಲು ನೋಡಿದ, ಆಗಲಿಲ್ಲ.

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಗೋಪುರಗಳು ಕಡತ ಓದಿ ಅರ್ಧ ತಾಸಾಗಿತ್ತು. ಬ್ಯಾಟರಿ ಬರಿದಾಗುವ ಆರು ತಾಸೆಂದರೆ ಸಂಜೆ ಆರು ಗಂಟೆ, ಅಲ್ಲಿಗೆ ಬಡಿತವೂ ನಿಲ್ಲುತ್ತದೆ. ಬೀದಿಯಲ್ಲಿ ಯಾರೋ ನಿಂತು ಅವರ ಮನೆಯತ್ತ ಕೈಮುಗಿಯುತ್ತಿದ್ದುದು ಕಿಟಕಿಯಲ್ಲಿ ಕಾಣಿಸಿತು.

“ನೀವು ಆಸ್ಪತ್ರಿಗೆ ನಡೀರಿ. ನಾ ಆಫೀಸಿಗೆ ಹೊಂಟೀನಿ” ಎಂದಳು. ಎಂಜಲು ಕೈಯಲ್ಲೇ ಸ್ಕೂಟರಿನ ಕೀಲಿ ಹುಡುಕಿದಳು.

ಚನ್ನಬಸಪ್ಪ ಕೇಂದ್ರದ ಎದುರಿನ ಮನೆಯವರು. ಕೀಲಿ ಕೇಳಿದ್ದಕ್ಕೆ ಗಾಬರಿಯಾದರು. “ಪೂಜಿ ಮಾಡಿ ಇಟ್ಟ ಖಂಡೆ ಐತಿ ಅಕ್ಕಾರ. ನಾಳಿ ತನಕ ಮುಟ್ಟಬಾರದು.”

“ಮುಟ್ಟಲಿಲ್ಲಂದ್ರ ನಾಳಿ ನನ್ನ ಕುಂಕುಮ ಇರಂಗಿಲ್ರಿ!” ಎಂದು ಅವಳು ಕಿರುಚಿದಳು. ಅವರು ಬಾಯಿ ಮುಚ್ಚಿಕೊಂಡು ಬೀಗ ತೆಗೆದರು.

ಚೆಂಡುಹೂವಿನ ಸರ ಕಿತ್ತೆಸೆದು ಯಂತ್ರ ಹಚ್ಚಿದಳು. ಕಡತ ತೆರೆದಳು. ನಾಲ್ಕು ಸಾವಿರದ ನೂರಾ ಎಪ್ಪತ್ತೆಂಟು ಸಾಲು ಸರಿಯಾಗಿದ್ದವು. ಮುಂದಿನ ಸಾಲು ಸಂಖ್ಯೆಯ ನಡುವೆಯೇ ಮುರಿದಿತ್ತು. ಅದರಾಚೆ ಏನೂ ಇರಲಿಲ್ಲ.

ಆಗ ಅವಳಿಗೆ ಎಲ್ಲ ಹೊಳೆಯಿತು, ಕೆಟ್ಟ ಮೇಲೆ ಬುದ್ಧಿ ಬಂದ ಹಾಗೆ. ಬರೆಯುವ ಪ್ರೋಗ್ರಾಮು ಒಂದೊಂದೇ ಸಾಲನ್ನು ಡಿಸ್ಕಿಗೆ ಬರೆಯುವುದಿಲ್ಲ. ಕಾಳು ಅಳೆಯುವವನು ಕೊಳಗ ತುಂಬಿದ ಮೇಲಷ್ಟೇ ಚೀಲಕ್ಕೆ ಸುರಿಯುವಂತೆ, ಸಾಲುಗಳನ್ನು ನೆನಪಿನಲ್ಲಿ ತುಂಬಿಕೊಂಡು ಒಮ್ಮೆಗೇ ಸುರಿಯುತ್ತದೆ. ಕೊನೆಗೆ ಅರೆಬರೆ ತುಂಬಿದ ಕೊಳಗವನ್ನು ಸುರಿಯಬೇಕಾದರೆ ಕಡತವನ್ನು ಮುಚ್ಚು ಎಂದು ಹೇಳಬೇಕು. ದಿನವಿಡೀ ಹೊಸಬರು ಸೇರುತ್ತಾರಲ್ಲ ಎಂದು ನೀಲಗಂಗಾ ಆ ಒಂದು ಮಾತನ್ನು ಸಂಜೆಗೆ ಇಟ್ಟಿದ್ದಳು. ಅಲ್ಲಿಯವರೆಗೆ ಓದುವ ಪ್ರೋಗ್ರಾಮು ಉಳಿದದ್ದನ್ನು ನೆನಪಿನಿಂದಲೇ ಇಸಿದುಕೊಳ್ಳುತ್ತಿತ್ತು. ಯಂತ್ರ ಆರದಿದ್ದರೆ ಅದರಿಂದ ತೊಂದರೆಯೇನೂ ಇರಲಿಲ್ಲ. ಆರಿಸಿದ್ದರಿಂದ ಕೊಳಗದಲ್ಲಿದ್ದದ್ದು ಮಣ್ಣುಪಾಲಾಗಿತ್ತು. ಪರದೆಯ ಮೇಲಿನ 4219 ಎಷ್ಟು ಸಾಲು ಕೊಳಗಕ್ಕೆ ಬಿದ್ದಿವೆ ಎಂಬ ಲೆಕ್ಕ, ಎಷ್ಟು ಚೀಲ ಸೇರಿವೆ ಎಂಬುದಲ್ಲ. ಆ ಲೆಕ್ಕವನ್ನು ಪರದೆಯ ಮೇಲೆ ಬರುವಂತೆ ಮಾಡಿದವಳೂ ಅವಳೇ. ಗುಂಡಿ ಒತ್ತಿದವಳೂ ಅವಳೇ.

ನಲವತ್ತೊಂದು ಜನ.

ಹಬ್ಬದ ವಾರ ಹೊಸಬರಾರೂ ಸೇರಿರಲಿಲ್ಲ. ಬೇರೆಡೆ ಎತ್ತಿಟ್ಟಿದ್ದ ನಿನ್ನೆಯ ಪ್ರತಿಯಲ್ಲಿ ನಲವತ್ತೊಂದು ಹೆಸರೂ ಇದ್ದವು. ಅವನ್ನು ಸೇರಿಸಿ ಕಡತವನ್ನು ಮತ್ತೆ ಬರೆದಳು, ಈ ಸಲ ಮುಚ್ಚಿದಳು, ಗೋಪುರಗಳಿಗೆ ಓದಲು ಹೇಳಿದಳು. ಉತ್ತರ ಬಂತು. ತಿರಸ್ಕರಿಸಲಾಗಿದೆ, ತಿರಸ್ಕರಿಸಲಾಗಿದೆ, ಹೀಗೆ ನಲವತ್ತೊಂದು ಸಲ.

ಅದೂ ಅವಳದೇ ಕೆಲಸ. ಮೂರು ವರ್ಷದ ಹಿಂದೆ ಯಾರದೋ ಕೈತಪ್ಪಿನಿಂದ ಸತ್ತ ಮುದುಕಿಯೊಬ್ಬಳ ಸಾಲು ಕಡತಕ್ಕೆ ಮರಳಿ ಬಂದು, ಅಂಗಳದಲ್ಲಿ ಮಲಗಿಸಿದ್ದ ಹೆಣದ ಎದೆ ಮಿಡಿಯತೊಡಗಿತ್ತು. ಅವ್ವ ಬದುಕಿದ್ದಾಳೆಂದು ಮಕ್ಕಳು ಎರಡು ದಿನ ಹೆಣ ಎತ್ತಲು ಬಿಡಲಿಲ್ಲ. ಅಂಥದ್ದು ಇನ್ನೆಂದೂ ಆಗಬಾರದೆಂದು ನೀಲಗಂಗಾ ಇನ್ನೊಂದು ಕಡತ ಮಾಡಿದಳು, ಹೋದವರ ಕಡತ. ಒಮ್ಮೆ ಸಾಲು ಕಾಣೆಯಾದವರ ಸಂಖ್ಯೆ ಅದಕ್ಕೆ ಸೇರುತ್ತದೆ. ಸೇರಿದ ಸಂಖ್ಯೆಯನ್ನು ಗೋಪುರಗಳು ಮತ್ತೆ ಒಪ್ಪುವುದಿಲ್ಲ. ಆ ಕ್ಲಾಸಿಗೆ ಅವಳು ಕಲಿಸಿದ್ದು ಸೇರಿಸುವುದೊಂದನ್ನೇ. ತೆಗೆಯುವುದನ್ನು ಬೇಕೆಂದೇ ಕಲಿಸಿರಲಿಲ್ಲ. ಗೋಪುರಗಳಲ್ಲಿದ್ದ ಆ ಪ್ರೋಗ್ರಾಮನ್ನು ಬದಲಿಸಬೇಕಾದರೆ ಬೆಂಗಳೂರಿನ ಮುಖ್ಯ ಕಚೇರಿಯ ಒಪ್ಪಿಗೆ ಬೇಕು. ಬೆಂಗಳೂರಿನ ಫೋನು ಬಡಿದುಕೊಂಡೇ ಇತ್ತು. ಅಲ್ಲಿಯೂ ಹಬ್ಬ.

ಉಳಿದದ್ದು ಒಂದೇ ದಾರಿ. ಮಿಡಿಗಕ್ಕೆ ಹೊಸ ಸಂಖ್ಯೆ ಕೊಟ್ಟು, ಹೊಸ ಮನುಷ್ಯನೆಂದೇ ಸೇರಿಸುವುದು. ಅದಕ್ಕೆ ಆಸ್ಪತ್ರೆಯ ಮುಟ್ಟುಕೋಲು ಬೇಕು. ಅದನ್ನು ಎದೆಗೆ ಒತ್ತಿ ಆರು ನಿಮಿಷ ಹಿಡಿದರೆ ಮಿಡಿಗ ಹಳೆಯ ಆಜ್ಞೆ ಬಿಟ್ಟು ಹೊಸ ಸಂಖ್ಯೆ ಹಿಡಿಯುತ್ತದೆ, ಹಿಡಿದ ಮೇಲೆ ಬ್ಯಾಟರಿಯನ್ನು ತಾನೇ ಮತ್ತೆ ತುಂಬಿಕೊಳ್ಳುತ್ತದೆ. ಅಷ್ಟರಲ್ಲಿ ಕಡತದಲ್ಲಿ ಆ ಸಂಖ್ಯೆಯ ಸಾಲು ಇರಬೇಕು. ಜಿಲ್ಲೆಯಲ್ಲಿದ್ದ ಕೋಲು ಎರಡು. ಒಂದು ದುರಸ್ತಿಗೆ ಹೋಗಿತ್ತು.

ಆಸ್ಪತ್ರೆಯ ಡಾಕ್ಟರ್ ಝರೀನಾ ಮುಲ್ಲಾ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು, ಒಂದು ಮಾತೂ ಬೈಯಲಿಲ್ಲ. “ಮಂದಿನ್ನ ಕರಸ್ರಿ. ನಾ ಕೋಲು ತಗೊಂಡು ಕೂಡ್ತೀನಿ. ಫೋನ್ ಇಡಬ್ಯಾಡ್ರಿ.”

ಚನ್ನಬಸಪ್ಪ ಮಡಿಪಂಚೆಯಲ್ಲೇ ಕೂತು ನಲವತ್ತೊಂದು ಮನೆಗೆ ಫೋನು ಮಾಡಿದರು. ಪ್ರತಿ ಮನೆಯಲ್ಲೂ ಅಳು ಆಗಲೇ ಶುರುವಾಗಿತ್ತು. ಒಂದು ಮನೆಯಲ್ಲಿ ಬದುಕಿರುವ ಸೊಸೆಯನ್ನು ಕಂಬಳಿಯ ಮೇಲೆ ಕೂರಿಸಿ ಸುತ್ತ ಕೂತು ಅಳುತ್ತಿದ್ದರಂತೆ. “ಅತ್ತಿದ್ದು ಸಾಕು, ಗಾಡಿ ಹತ್ತಿಸ್ರಿ!” ಎಂದು ಚನ್ನಬಸಪ್ಪ ಗದರಿದರು.

ಮೊದಲ ಎದೆಗೆ ಕೋಲು ಮುಟ್ಟಿದಾಗ ಒಂದು ಐವತ್ತೈದು. ನೀಲಗಂಗಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆರು ನಿಮಿಷದಂತೆ ನಲವತ್ತು ಜನಕ್ಕೆ ನಾಲ್ಕು ತಾಸು. ಐದು ಐವತ್ತೈದಕ್ಕೆ ನಲವತ್ತನೆಯವರು ಮುಗಿಯುತ್ತಾರೆ. ಆಮೇಲೆ ಉಳಿಯುವುದು ಐದು ನಿಮಿಷ, ಉಳಿಯುವವರು ಒಬ್ಬರು. ಮತ್ತೆ ಮತ್ತೆ ಲೆಕ್ಕ ಹಾಕಿದಳು. ಎಷ್ಟು ಸಲ ಹಾಕಿದರೂ ಒಂದೇ ನಿಮಿಷ ಕಡಿಮೆ ಬರುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಆದರೆ ನಾಚಿಕೆ ಬಿಟ್ಟು ಒಂದು ಮಾತು ಕೇಳಿದಳು. “ಡಾಕ್ಟರ, ನಮ್ಮ ಮನಿಯವರು ಅಲ್ಲೇ ಅದಾರ. ಅವರದ ಮೊದಲ ಮಾಡ್ತೀರೇನ್ರಿ?”

“ಎರಡನೇದವರು ಅವರ ಆಗ್ಲಿ” ಎಂದರು ಝರೀನಾ.

ಎರಡನೆಯ ಹೆಸರು ಬಂತು. ಬೆಟಗೇರಿಯ ಒಬ್ಬ ನೇಕಾರನದು. ಮೂರನೆಯದು, ಹುಲಕೋಟಿಯ ಶಿವಲೀಲಾ ಎಂಬಾಕೆಯದು. ನೀಲಗಂಗಾ ಬರೆದಳು. ಸಂಖ್ಯೆ, ಹೆಸರು, ಊರು, ಬಡಿತ. ಮುಚ್ಚು. ತಿರುಗಿ ತೆರೆ. ಇನ್ನೊಂದು ಸಾಲು. ಮುಚ್ಚು. ಪ್ರತಿ ಸಾಲಿನ ನಂತರವೂ ಕಡತ ಮುಚ್ಚಿದೆಯೇ ಎಂದು ಮೂರು ಮೂರು ಸಲ ನೋಡಿದಳು. ಅವಸರದಲ್ಲಿ ಒಮ್ಮೆ ಅಲ್ಪವಿರಾಮ ಎರಡು ಬಿದ್ದವು. ಒಂದನ್ನು ಅಳಿಸಿ ಮತ್ತೆ ಮುಚ್ಚಿದಳು.

ಎಂಟನೆಯ ಹೆಸರಾದರೂ ಗಂಡನದು ಬರಲಿಲ್ಲ. “ಡಾಕ್ಟರ, ಅವರೆಲ್ಲಿ?”

ಆ ಕಡೆ ಫೋನು ಕೈ ಬದಲಾಯಿತು. ಆಮೇಲೆ ಮಹಾಂತೇಶನ ದನಿಯೇ ಬಂತು. “ನೀಲಾ, ಮಷೀನ್ ಬಂದ್ ಮಾಡಿದಾಕಿ ನೀನ ಅಂತ?”

“ಹೌದ್ರಿ.”

“ಇಲ್ಲಿ ವರಾಂಡದಾಗ ಮಂದಿ ಕುಂತಾರ. ಎಲ್ಲಾರ ಎದಿನೂ ಊದಾಕತ್ತಾವು. ನಾ ಮೊದಲ ಮಾಡಿಸ್ಕೊಂಡು ಮನಿಗೆ ಹೋದ್ರ, ನಾಳಿ ಯಾರರ ಒಬ್ಬರ ಮನಿಯಾಗ ಹೆಣ ಬಿದ್ರ, ನಿನ್ನ ಕೈಲೆ ನೀಡಿಸ್ಕೊಂಡು ಹೆಂಗ ಉಣ್ಲಿ? ನಾ ಹಿಂದ ನಿಲ್ತೀನಿ.”

“ಹುಚ್ಚ ಹಿಡದೈತೇನ್ರಿ ನಿಮಗ? ನಾ ಲೆಕ್ಕ ಹಾಕೀನಿ...” ಎಂದವಳು ತಡೆದಳು.

“ನಾನೂ ಹಾಕೀನಿ” ಎಂದ ಮಹಾಂತೇಶ. ದಿನವಿಡೀ ರೀಮುಗಳನ್ನೂ ನಿಮಿಷಗಳನ್ನೂ ಎಣಿಸುವ ಮನುಷ್ಯ ಅವನು. “ಬಂದಿಲ್ಲದವರು ಇನ್ನೂ ಭಾಳ ಮಂದಿ ಅದಾರ. ಯಾರರ ತಡಾ ಮಾಡ್ತಾರ. ನೀ ಬರಿ.”

ಅವಳು ಅತ್ತಳು, ಬೇಡಿದಳು, ಆಣೆ ಹಾಕಿದಳು. ಡಾಕ್ಟರ ಮೇಲೂ ಕೂಗಾಡಿದಳು. ಒಪ್ಪದವನ ಎದೆಗೆ ಕೋಲು ಒತ್ತುವುದು ಹೇಗೆ ಎಂದು ಅವರು ಕೇಳಿದರು. ಅಷ್ಟರಲ್ಲಿ ಒಂಬತ್ತನೆಯ ಹೆಸರು ಬಂತು, ಬರೆಯಲೇಬೇಕಾಯಿತು. ಆ ಹೆಸರಿನವನು ಸಾಯಲಿ ಎಂದು ಒಂದು ಕ್ಷಣ ಅನ್ನಿಸಿತು. ತನ್ನ ಮನಸ್ಸಿಗೆ ತಾನೇ ಹೆದರಿ ಬೇಗ ಬೇಗ ಬರೆದು ಮುಚ್ಚಿದಳು.

ಮಂದಿ ತಡ ಮಾಡಲಿಲ್ಲ. ಜೀವದ ಆಸೆ ದೊಡ್ಡದು. ಟಂಟಂನಲ್ಲಿ, ಟ್ರ್ಯಾಕ್ಟರಿನಲ್ಲಿ, ಹೂ ಕಟ್ಟಿದ ಹೊಸ ಬೈಕುಗಳಲ್ಲಿ ಬಂದರು. ಅರ್ಧ ತಾಸಿಗೊಮ್ಮೆ ಫೋನಿನಲ್ಲಿ ಆ ಸದ್ದು ಕೇಳಿಸುತ್ತಿತ್ತು, ಹತ್ತಾರು ಎದೆಗಳದು ಒಟ್ಟಿಗೆ. ಹೊತ್ತು ಹೋದಂತೆ ಅದು ತೆಳ್ಳಗಾಗುತ್ತ ಬಂತು. ಐದೂವರೆಗೆ ಕೇಳಿಸಿದಾಗ ಅದರಲ್ಲಿ ಯಾವುದು ತನ್ನ ಗಂಡನದು ಎಂದು ನೀಲಗಂಗಾ ಕಿವಿಗೊಟ್ಟು ಹುಡುಕಿದಳು. ಎಲ್ಲ ಒಂದೇ ಥರ ಇದ್ದವು.

ಕೊನೆಗೆ ಬಂದವಳು ಲಕ್ಕುಂಡಿಯ ದುರುಗವ್ವ ಎಂಬ ಮುದುಕಿ, ಐದು ನಲವತ್ತಕ್ಕೆ. ಬಂದವಳೇ ತಕರಾರು ತೆಗೆದಳು. “ಲಗೂನ ಮಾಡ್ರಿ, ಆರೂ ಹತ್ತಕ್ಕ ನಮ್ಮೂರ ಬಸ್ ಐತಿ.” ಐದು ನಲವತ್ತೊಂಬತ್ತಕ್ಕೆ ವರಾಂಡದಲ್ಲಿ ಉಳಿದವರು ಇಬ್ಬರೇ.

“ಮಹಾಂತೇಶಣ್ಣಾರ, ಈಗರ ಬರ್ರಿ” ಎಂದ ಡಾಕ್ಟರ ದನಿ ಫೋನಿನಲ್ಲಿ ಕೇಳಿಸಿತು.

“ಮೊದಲ ದುರುಗವ್ವ ಆಯೀದು ಮಾಡ್ರಿ. ಬಸ್ ತಪ್ಪಿದ್ರ ನಮಗ ಬೈತಾಳ.”

ನೀಲಗಂಗಾ ಮೇಜಿಗೆ ಹಣೆ ಚಚ್ಚಿಕೊಂಡಳು. ಕುಂಕುಮ ಒರೆಸಿದ ಪರದೆಯಲ್ಲಿ ಖಾಲಿ ಸಾಲು ಕಾಯುತ್ತಿತ್ತು. ಅಲ್ಲಿ ಗಂಡನ ಹೆಸರು ಬರೆದು ಮುಚ್ಚಿಬಿಟ್ಟರೆ? ಕೋಲು ಮುದುಕಿಯ ಎದೆಯ ಮೇಲಿದೆ, ಸಾಲು ಸಿಗದೆ ಅವಳ ಮಿಡಿಗ ನಿಲ್ಲುತ್ತದೆ, ಆದರೂ ಮಹಾಂತೇಶ ಉಳಿಯುವುದಿಲ್ಲ. ಬರೆಯದೆ ಬೇರೆ ದಾರಿಯಿರಲಿಲ್ಲ. ದುರುಗವ್ವ ಮಾದರ, ಲಕ್ಕುಂಡಿ, ಅರವತ್ತೆಂಟು. ಮುಚ್ಚು.

ಐದು ಐವತ್ತೈದಕ್ಕೆ ಕೋಲು ಮಹಾಂತೇಶನ ಎದೆಗೆ ಬಂತು. ಅವನ ಸಾಲನ್ನು ಅವಳು ಆಗಲೇ ಬರೆದು ಮುಚ್ಚಿದ್ದಳು. ಇನ್ನು ಮಾಡುವುದೇನೂ ಉಳಿದಿರಲಿಲ್ಲ. “ಬ್ಯಾಟರಿ ಒಂದೊಂದು ಒಂದು ನಿಮಿಷ ಹೆಚ್ಚು ಹಿಡೀತಾವ್ರಿ, ನೋಡೂನು” ಎಂದರು ಝರೀನಾ.

“ನೀಲಾ” ಎಂದ ಮಹಾಂತೇಶ. “ಇಷ್ಟೊತ್ತು ಧೈರ್ಯ ಇತ್ತು. ಈಗ ಅಂಜಿಕಿ ಬರಾಕತ್ತೈತಿ. ಏನರ ಮಾತಾಡು.”

ಏನು ಮಾತಾಡುವುದು? ಎದುರಿಗೆ ಪರದೆಯಲ್ಲಿ ಕಡತ ಕಾಣುತ್ತಿತ್ತು. ಅದರ ತುದಿಯ ನಲವತ್ತೊಂದು ಹೊಸ ಸಾಲುಗಳನ್ನೇ ಓದತೊಡಗಿದಳು.

“ಚಂದ್ರಶೇಖರ ಕಬಾಡಿ, ಗದಗ, ಎಪ್ಪತ್ತು.”

“ಹೂಂ” ಎಂದ ಅವನು, ಕಥೆ ಕೇಳುವವರ ಹಾಗೆ.

“ಪರಶುರಾಮ ಬಸವಾ, ಬೆಟಗೇರಿ, ಎಪ್ಪತ್ತೆರಡು.”

“ಹೂಂ. ನೇಕಾರ ಅಂವ. ಪಾಪ, ನಡುಗಾಕತ್ತಿದ್ದ.”

“ಶಿವಲೀಲಾ ಕುರ್ತಕೋಟಿ, ಹುಲಕೋಟಿ, ಅರವತ್ತಾರು.”

“ಹೂಂ.”

ಅವಳು ಓದಿದಳು. ಒಂದೊಂದು ಹೆಸರಿಗೂ ಹೂಂ ಬಂತು. ಕೆಲವರ ಬಗ್ಗೆ ಅವನು ಒಂದೆರಡು ಮಾತು ಸೇರಿಸಿದ, ಈಕೆ ಮೊಮ್ಮಗಳ ಸುದ್ದಿ ಹೇಳಿದಳು, ಇವನು ಎಲೆಅಡಿಕೆ ಕೊಟ್ಟ ಎಂದು. ಇಪ್ಪತ್ತರಾಚೆ ಬರಿಯ ಹೂಂ ಉಳಿಯಿತು. ಚನ್ನಬಸಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದರು. ನೀಲಗಂಗಾ ಗಡಿಯಾರ ನೋಡಲಿಲ್ಲ, ಅವಸರ ಮಾಡಲಿಲ್ಲ, ಒಂದು ಹೆಸರನ್ನೂ ಬಿಡಲಿಲ್ಲ. ಮೂವತ್ತೆರಡು. ಮೂವತ್ತಮೂರು.

ಮೂವತ್ತಾರನೆಯ ಹೆಸರಿಗೆ ಹೂಂ ಬರಲಿಲ್ಲ.

ಫೋನಿನಲ್ಲಿ ಏನೋ ಬಿದ್ದ ಸದ್ದಾಯಿತು. ಝರೀನಾ ಯಾರನ್ನೋ ಕೂಗಿದರು, ಕಾಲುಗಳು ಓಡಾಡಿದವು. ನೀಲಗಂಗಾ ಓದುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು. ದುರುಗವ್ವ ಮಾದರ, ಲಕ್ಕುಂಡಿ, ಅರವತ್ತೆಂಟು. ಕಡತದಲ್ಲಿ ಇನ್ನು ಉಳಿದಿದ್ದು ಒಂದೇ ಸಾಲು.

“ಮಹಾಂತೇಶ ಅಬ್ಬಿಗೇರಿ, ಗದಗ, ಎಪ್ಪತ್ತು” ಎಂದು ಓದಿ, ಹೂಂ ಬರಲೆಂದು ಕಾದಳು.